ಖಾಲಿ ಕುರ್ಚಿಯ ಅಭಿಪ್ರಾಯ

ಬಾಯಿ ಸುಳ್ಳು ಹೇಳುತ್ತದೆ, ಕುರ್ಚಿ ಹೇಳುವುದಿಲ್ಲ. ಹೀಗೆಂದು ತೀರ್ಮಾನ ಮಾಡಿದವರು ಏಳು ಮಂದಿ ವಿಜ್ಞಾನಿಗಳು. ಏಳು ಮಂದಿಯೂ ದೊಡ್ಡ ವಿದ್ವಾಂಸರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರಲ್ಲಿ ಒಬ್ಬರಾದರೂ ದಾವಣಗೆರೆಯ ಟಾಕೀಸಿನಲ್ಲಿ ಜನರ ನಡುವೆ ಕೂತು ಪೂರಾ ಒಂದು ಸಿನಿಮಾ ನೋಡಿದವರಲ್ಲ. ನೋಡಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಸಂಗತಿ ಇಷ್ಟು. ಆ ಹೊತ್ತಿಗೆ ನಾಡಿನಲ್ಲಿ ಮಕ್ಕಳೇ ಅಪರೂಪವಾಗಿದ್ದರು. ಬೀದಿಗೊಂದು ಕೂಸು, ಕೆಲವು ಬೀದಿಗಳಲ್ಲಿ ಅದೂ ಇಲ್ಲ. ಜೊತೆಯಿಲ್ಲದೆ ಬೆಳೆದ ಮಕ್ಕಳು ಮಾತು ಕಲಿಯುವುದು ತಡವಾಗುತ್ತಿದೆ, ಕೆಲವರು ಕಲಿಯುವುದೇ ಇಲ್ಲ ಎಂದು ವೈದ್ಯರು ಬೊಬ್ಬೆ ಹಾಕಿದ ಮೇಲೆ ಸರ್ಕಾರ ‘ಒಡನಾಡಿ’ ಎಂಬ ಯೋಜನೆ ತಂದಿತು. ಒಂಟಿ ಮಗುವಿರುವ ಮನೆಗೆ ಒಂದು ಯಂತ್ರದ ಮಗು. ಐದು ವರ್ಷದ ಕೂಸಿನ ಎತ್ತರ, ಮೆತ್ತನೆಯ ರಬ್ಬರಿನ ಚರ್ಮ, ನೋಡಿ ನೋಡಿ ಕಲಿಯುವ ಬುದ್ಧಿ. ಊಟವಿಲ್ಲ, ಹಟವಿಲ್ಲ, ಸುಳ್ಳು ಹೇಳಲು ಬರುವುದಿಲ್ಲ.

ಆರು ವರ್ಷ ಕಳೆಯುವಷ್ಟರಲ್ಲಿ ಜನ ಎರಡು ಪಾಲಾದರು. ಯಂತ್ರವನ್ನು ಮಗು ಅನ್ನುವುದು ಹೆತ್ತವರಿಗೆ ಮಾಡುವ ಅವಮಾನ ಎಂದು ಒಂದು ಪಾಲು, ಇದ್ದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಇನ್ನೊಂದು ಪಾಲು. ಒಡನಾಡಿ ಇರಲೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರ ಆ ಏಳು ವಿಜ್ಞಾನಿಗಳ ಸಮಿತಿ ಮಾಡಿತು. ಸಮಿತಿಯವರು ಮನೆಮನೆಗೆ ಹೋಗಿ ಕೇಳಿದರು. ಎಲ್ಲರೂ ನಗುನಗುತ್ತಾ, ‘ಇರಲಿ ಬಿಡ್ರಿ ಪಾಪ’ ಎಂದರು. ಹಾಗಂದವರ ಓಣಿಯಲ್ಲೇ ಯಂತ್ರದ ಮಕ್ಕಳಿಗೆ ಕಲ್ಲು ಬಿದ್ದವು. ಆಗಲೇ ಆ ಏಳು ಮಂದಿಗೆ ಕುರ್ಚಿಯ ಉಪಾಯ ಹೊಳೆದದ್ದು.

ಒಂದು ಸಿನಿಮಾ ತೆಗೆಸಿದರು. ಹೆಸರು ‘ತೊಟ್ಟಿಲು ಕಾಣದವಳು’. ಒಂದು ಯಂತ್ರದ ಹುಡುಗಿ ಮನೆಗೆ ಬರುವುದು, ಮನೆಯವಳೇ ಆಗುವುದು, ಕೊನೆಗೆ ಅವಳನ್ನು ವಾಪಸು ಕಳಿಸುವುದು. ಊರೂರಿಗೆ ಒಂದು ಟಾಕೀಸು ಗೊತ್ತುಮಾಡಿ, ಒಂದು ವಾರ, ಮನೆಗಿಬ್ಬರಂತೆ ಹೆಸರು ಬರೆದ ಪುಕ್ಕಟೆ ಟಿಕೇಟು ಹಂಚಿದರು. ಕುರ್ಚಿಯ ಕೈ ಇಡುವ ಜಾಗದಲ್ಲಿ ತಾಮ್ರದ ಪಟ್ಟಿ. ಅದು ನಾಡಿ ಹಿಡಿಯುತ್ತದೆ, ಬೆವರು ಹಿಡಿಯುತ್ತದೆ. ಬೆನ್ನಿಗೆ ತಾಗುವ ಹಲಗೆ ಉಸಿರು ಕೇಳುತ್ತದೆ, ಕೆಳಗಿನದು ತೂಕ ನೋಡುತ್ತದೆ. ತೆರೆಯ ಮೇಲಿನ ಹುಡುಗಿಗೆ ಎದೆ ಕರಗಿದರೆ ಆ ಕುರ್ಚಿಯ ದೀಪ ಹಸಿರು, ಇಲ್ಲವಾದರೆ ಕೆಂಪು. ಊರಿನ ಕುರ್ಚಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿರು ಬಂದರೆ ಆ ಊರಿನ ಒಡನಾಡಿಗಳು ಉಳಿಯುತ್ತವೆ. ಬರದಿದ್ದರೆ ಅಷ್ಟನ್ನೂ ಬಂಡಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಜನಕ್ಕೆ ಹೇಳಿದ್ದು ಕುರ್ಚಿ ಎದೆ ಓದುತ್ತದೆ ಎಂದಷ್ಟೇ, ಹೇಗೆ ಎಂದಲ್ಲ.

ದಾವಣಗೆರೆಗೆ ಗೊತ್ತಾದದ್ದು ಚಂದ್ರಪ್ರಭಾ ಟಾಕೀಸು. ಮುನ್ನೂರು ಕುರ್ಚಿ, ದಿನಕ್ಕೆ ಮೂರು ಆಟ. ಅಲ್ಲಿ ಹನ್ನೊಂದು ವರ್ಷದಿಂದ ಆಪರೇಟರು ಆಗಿದ್ದವಳು ದಾಕ್ಷಾಯಣಿ. ಮೇಲಿನ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರಿನ ಪಕ್ಕ ಕುರ್ಚಿಗೊಂದು ದೀಪವಿರುವ ಫಲಕ ತಂದು ಕೂರಿಸಿದರು. ಅವಳ ಮನೆಯಲ್ಲೂ ಒಂದು ಒಡನಾಡಿ ಇತ್ತು.

ಅವಳ ಮಗಳು ಇಂಚರ ನಾಲ್ಕು ವರ್ಷ ತುಂಬುವ ತನಕ ಒಂದು ಮಾತೂ ಆಡಿರಲಿಲ್ಲ. ಕಿವಿ ಸರಿಯಿದೆ, ನಾಲಗೆ ಸರಿಯಿದೆ, ಮಾತು ಮಾತ್ರ ಇಲ್ಲ. ಒಡನಾಡಿ ಬಂದ ಹದಿನೆಂಟನೆಯ ದಿನ, ಅಡುಗೆಮನೆ ಹೊಸ್ತಿಲಲ್ಲಿ ಹುಣಸೆಹಣ್ಣಿನ ಚಿಗಳಿ ಚೀಪುತ್ತಾ ಕೂತಿದ್ದ ಕೂಸು ಅದನ್ನು ಯಂತ್ರದ ಹುಡುಗಿಯ ಬಾಯಿಗೆ ಹಿಡಿದು, ‘ಚಿಗಳಿ, ತಿನ್ನು’ ಎಂದಿತು. ದಾಕ್ಷಾಯಣಿ ಕೈಯಲ್ಲಿದ್ದ ಪಾತ್ರೆ ಬಿಟ್ಟು ಅಲ್ಲೇ ಕುಸಿದು ಅತ್ತಿದ್ದಳು. ಅಂದಿನಿಂದ ಯಂತ್ರದ ಹುಡುಗಿಯ ಹೆಸರೇ ಚಿಗಳಿ. ಈಗ ಇಂಚರಳಿಗೆ ಎಂಟು, ಬಾಯಿ ತೆರೆದರೆ ಮುಚ್ಚುವುದಿಲ್ಲ. ಆದರೆ ಹೋದ ವರ್ಷ ಚಿಗಳಿಯನ್ನು ರಿಪೇರಿಗೆಂದು ಹನ್ನೆರಡು ದಿನ ಒಯ್ದಿದ್ದಾಗ ಮಗಳು ಹನ್ನೆರಡು ದಿನವೂ ಮೂಕಿಯಾಗಿದ್ದಳು.

ಗಂಡ ಕೊಟ್ರೇಶಿಗೆ ಸ್ವಂತ ಮಂಡಕ್ಕಿ ಭಟ್ಟಿ. ಕೈಕೆಳಗೆ ನಲವತ್ತು ಜನ. ಮಾತಿಗೆ ಮುಂಚೆ, ‘ಯಂತ್ರ ಅದು, ಯಂತ್ರದಂಗೆ ಇರ್ಲಿ’ ಎನ್ನುವವನು. ಆದರೆ ದಿನಾ ಬೆಳಿಗ್ಗೆ ಭಟ್ಟಿಗೆ ಹೋಗುವ ಮುಂಚೆ ಚಿಗಳಿಯನ್ನು ಕಟ್ಟೆಯ ಮೇಲೆ ಕೂರಿಸಿ, ಮೊಣಕಾಲಿನ ಕೀಲಿಗೆ ಎಣ್ಣೆ ಬಿಡುತ್ತಿದ್ದವನು ಅವನೇ. ಯಾರಾದರೂ ನೋಡಿದರೆ, ‘ಕಿರ್ ಕಿರ್ ಅಂತೈತಿ, ತಲಿ ನೋವು’ ಎನ್ನುತ್ತಿದ್ದ.

ಸಿನಿಮಾ ಶುರುವಾದ ಎರಡು ದಿನಕ್ಕೆ ಊರಿಗೆ ಊರೇ ಕಿತ್ತಾಡತೊಡಗಿತು. ದೋಸೆ ಹೋಟೆಲಿನಲ್ಲಿ ಬೆಣ್ಣೆ ಕರಗುವಷ್ಟರಲ್ಲಿ ಜಗಳ ಹತ್ತುತ್ತಿತ್ತು. ‘ಎರಡೂವರೆ ತಾಸು ಒಂದು ಮಿಕ್ಸಿ ಕೆಟ್ಟೋತು ಅಂತ ಅಳಬೇಕೇನ್ರಿ ನಾವು?’ ಎಂದು ಒಬ್ಬ ಮೇಷ್ಟ್ರು ಕೇಳಿದರೆ, ಪಕ್ಕದ ಮೇಜಿನವನು, ‘ನಿಮ್ಮ ಎದಿಯಾಗೆ ಮಿಕ್ಸಿನೂ ಇಲ್ಲ ಬಿಡ್ರಿ’ ಎಂದ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಒಬ್ಬ ಎದ್ದು ಹೋದ. ಒಂದೇ ಮನೆಗೆ ಕೊಟ್ಟ ಅಕ್ಕತಂಗಿಯರು ಮಾತು ಬಿಟ್ಟರು. ಹುಡುಗಿಯ ಪಾತ್ರ ಮಾಡಿದ ಯಂತ್ರ ಚೆನ್ನಾಗಿ ನಟಿಸಿದೆ ಎಂದು ಒಬ್ಬರು, ಯಂತ್ರಕ್ಕೆ ಯಂತ್ರದ ಪಾತ್ರ ಮಾಡಲು ಏನು ಕಷ್ಟ ಎಂದು ಇನ್ನೊಬ್ಬರು. ಅಳಿಸಲೆಂದೇ ತೆಗೆದ ಸಿನಿಮಾ ಎಂದು ಬೈದವರ ಪೈಕಿ ಬಹಳ ಮಂದಿಯ ಕಣ್ಣು ಕೆಂಪಾಗಿತ್ತು.

ಫಲಕದ ಮುಂದೆ ಕೂತ ದಾಕ್ಷಾಯಣಿಗೆ ಮೊದಲ ಎರಡು ದಿನ ಏನೂ ಅರ್ಥವಾಗಲಿಲ್ಲ. ಆಟದುದ್ದಕ್ಕೂ ಹಸಿರು ತುಂಬಿರುತ್ತಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಪಟಪಟನೆ ಕೆಂಪಾಗುತ್ತಿತ್ತು. ಅದೂ ಗಾಢ ಹಸಿರಿದ್ದ ದೀಪಗಳೇ. ಮೂರನೆಯ ದಿನ ಅವಳು ಫಲಕ ಬಿಟ್ಟು ಕ್ಯಾಬಿನ್ನಿನ ಕಿಂಡಿಯಿಂದ ಕೆಳಗೆ ನೋಡಿದಳು. ಹೆಂಗಸರು ಸೆರಗು ಮುಚ್ಚಿ ಕೂತಲ್ಲೇ ಅಳುತ್ತಿದ್ದರು. ಗಂಡಸರು ಮಾತ್ರ ಒಬ್ಬೊಬ್ಬರೇ ಟವೆಲ್ಲು ಕೊಡವಿ ಏಳುತ್ತಿದ್ದರು. ಬೀಡಿ ಸೇದಿ ಬರುತ್ತೇನೆ ಎಂದು ಒಬ್ಬ, ಗಾಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಒಬ್ಬ. ಅವಳು ಇಳಿದು ಹಿತ್ತಲ ಕಡೆ ಹೋದಳು. ಹದಿನೈದು ಇಪ್ಪತ್ತು ಗಂಡಸರು ಕಾಂಪೌಂಡಿಗೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಬೀಡಿ ಯಾರೂ ಹಚ್ಚಿರಲಿಲ್ಲ. ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ ಲಾರಿ ಡ್ರೈವರೊಬ್ಬ ಅವಳನ್ನು ಕಂಡು, ‘ಕಣ್ಣಾಗೆ ಏನೋ ಬಿತ್ರಿ ಅಕ್ಕಾರೆ’ ಎಂದ.

ಅಂದರೆ ಎಲ್ಲರಿಗಿಂತ ಹೆಚ್ಚು ಕರಗಿದವರನ್ನೇ ಈ ಯಂತ್ರ ಕಲ್ಲೆದೆಯವರ ಪಟ್ಟಿಗೆ ಸೇರಿಸುತ್ತಿತ್ತು.

ಸಮಿತಿಯಿಂದ ಬಂದಿದ್ದ ವಿಜ್ಞಾನಿ ಅನಿರುದ್ಧ ಉಡುಪ ಚಿಕ್ಕ ವಯಸ್ಸಿನವನು, ಬೆಂಗಳೂರಿನವನು, ಕೆಟ್ಟವನಲ್ಲ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ. ಹಿಂದಿನ ಆಟಗಳ ದಾಖಲೆ ತೆಗೆದು ನೋಡಿದ. ಎದ್ದ ಕುರ್ಚಿಗಳ ನಾಡಿ, ಉಸಿರು ಎಲ್ಲ ನೋಡಿ ಅವನ ಮುಖ ಸಣ್ಣಗಾಯಿತು.

‘ನೀವು ಹೇಳೋದು ನಿಜ ಇರಬಹುದು ಮೇಡಂ. ಆದರೆ ಕೊನೆ ಹತ್ತು ನಿಮಿಷದಲ್ಲಿ ಎದ್ದರೆ ನಿರಾಕರಣೆ ಅಂತ ನಿಯಮ. ಹನ್ನೆರಡು ನಗರಗಳಲ್ಲಿ ಪರೀಕ್ಷೆ ಮಾಡಿದ್ವಿ. ಅಲ್ಲೆಲ್ಲ ಬೇಜಾರಾದವರೇ ಎದ್ದು ಹೋಗಿದ್ದು.’

‘ಅಲ್ಲಿ ಗಂಡಸರು ಅಳಂಗಿಲ್ಲೇನ್ರಿ?’

‘ಅಳ್ತಾರೆ. ಕೂತೇ ಅಳ್ತಾರೆ.’

‘ಇಲ್ಲಿ ಹಂಗಲ್ಲ ಸರ್. ನಮ್ಮ ಮನ್ಯಾಗೆ ಮಾವ ತೀರಿಕೊಂಡಾಗ ನಮ್ಮ ಯಜಮಾನ್ರು ಹಿತ್ತಲ ದನದ ಕೊಟ್ಟಿಗೀಗೆ ಹೋಗಿ ಅತ್ತು ಬಂದ್ರು. ಹೆಣದ ಮುಂದೆ ಒಂದು ಹನಿ ಹಾಕ್ಲಿಲ್ಲ. ಅವರಿಗೆ ದುಃಖ ಇಲ್ಲ ಅಂತ ಯಾರಾದ್ರೂ ಬರಕೊಂಡ್ರೇನು?’

ಉಡುಪ ಸಮಿತಿಗೆ ಬರೆದ. ಎರಡು ದಿನಕ್ಕೆ ಮೂರು ಸಾಲಿನ ಉತ್ತರ ಬಂತು. ಮಧ್ಯದಲ್ಲಿ ನಿಯಮ ಬದಲಾಯಿಸಿದರೆ ಇಡೀ ರಾಜ್ಯದ ಎಣಿಕೆ ಬಿದ್ದುಹೋಗುತ್ತದೆ, ಆಗದು. ಕುರ್ಚಿ ಏನನ್ನು ಗಮನಿಸುತ್ತದೆಂದು ಪ್ರೇಕ್ಷಕರಿಗೆ ತಿಳಿಸಿದರೆ ಆ ಊರಿನ ಎಣಿಕೆ ರದ್ದಾಗಿ ‘ಬೇಡ’ ಎಂದೇ ದಾಖಲಾಗುತ್ತದೆ. ದೂರು ತಂದ ಆಪರೇಟರ ಮನೆಯಲ್ಲೇ ಒಡನಾಡಿ ಇರುವುದು ಸಮಿತಿಯ ಗಮನಕ್ಕೆ ಬಂದಿದೆ.

‘ನಾನೇನು ಮಾಡಲಿ ಹೇಳಿ,’ ಎಂದ ಉಡುಪ. ಮಾಡಲು ಅವನಿಗೇನೂ ಇರಲಿಲ್ಲ ಅಂತಲ್ಲ. ನೌಕರಿ ಬಿಡಬಹುದಿತ್ತು, ಪೇಪರಿಗೆ ಬರೆಯಬಹುದಿತ್ತು. ಆದರೆ ಅಂಥವರನ್ನು ಅಂಥ ಕೆಲಸಕ್ಕೆ ಕಳಿಸುವುದಿಲ್ಲ.

ಹಿಂದಿನ ಭಾನುವಾರ ಸಂಜೆಯ ಆಟದಿಂದ ಹಿಡಿದು ಶನಿವಾರ ಸಂಜೆಗೆ ಹತ್ತೊಂಬತ್ತು ಆಟ ಮುಗಿದಿತ್ತು. ದಾಕ್ಷಾಯಣಿ ಮನೆಗೆ ಬಂದಾಗ ಮಕ್ಕಳಿಬ್ಬರೂ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಚಿಗಳಿ ಗೆರೆ ತುಳಿದಿದ್ದಳು. ‘ನಾನು ತುಳಿದೆ,’ ಎಂದು ತಾನೇ ಹೇಳಿ ಪಕ್ಕಕ್ಕೆ ಸರಿದಳು. ‘ನೋಡಮ್ಮ, ಇವಳು ನಾ ನೋಡ್ದೆ ಇದ್ರೂ ಹೇಳಿಬಿಡ್ತಾಳೆ, ಇವಳ ಜೊತಿ ಆಡಾದೇ ಬೋರು,’ ಎಂದು ಇಂಚರ ದೂರಿದಳು. ದೂರುವ ಆ ದನಿ ಕೇಳಲೆಂದೇ ದಾಕ್ಷಾಯಣಿ ಒಳಗೆ ಹೋಗದೆ ಕಟ್ಟೆಯ ಮೇಲೆ ಕೂತಳು.

ಮರುದಿನ ಭಾನುವಾರದ ಮಧ್ಯಾಹ್ನದ ಆಟಕ್ಕೆ ಭಟ್ಟಿ ಓಣಿಯವರ ಸರದಿ. ಅಂದಿಗೆ ಎರಡೇ ಆಟ, ಅದೇ ಕೊನೆಯದು. ಕೊಟ್ರೇಶಿ ಕೈಕಾಲು ತೊಳೆದು ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಮಾತು ತೆಗೆದಳು.

‘ರೀ, ನಾಳೆ ಪಿಚ್ಚರಿಗೆ ಹೋದಾಗ ಕೊನೇತನಕ ಕುಂತಿರ್ರಿ. ನಡುವೆ ಎದ್ದೇಳಬ್ಯಾಡ್ರಿ.’

‘ಯಾಕೆ, ಕುರ್ಚಿಗೆ ಗೋಂದು ಹಚ್ಚೀರೇನು?’

‘ನಗಬ್ಯಾಡ್ರಿ. ಯಾಕೆ ಅಂತ ಹೇಳಾಂಗಿಲ್ಲ ನಾನು. ಹೇಳಿದ್ರೆ ಕೆಡ್ತೈತಿ. ನಿಮ್ಮ ಭಟ್ಟಿಯೋರಿಗೂ ಹೇಳ್ರಿ, ಏಳಬ್ಯಾಡ್ರಿ ಅಂತ.’

‘ಯಂತ್ರದ ಕತೀಗೆ ನಾನು ಅಳ್ತೀನಿ ಅಂದ್ಕಂಡಿಯೇನು?’

‘ಅತ್ರೆ ಕುಂತೇ ಅಳ್ರಿ.’

ಕೊಟ್ರೇಶಿ ತಟ್ಟೆಯಿಂದ ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಇದರ ಹಿಂದೆ ಚಿಗಳಿಯ ವಿಷಯ ಅಡಗಿದೆ ಎಂಬುದು ಅವನಿಗೂ ತಿಳಿಯಿತು. ‘ಹೂಂ. ಏಳಂಗಿಲ್ಲ. ನಡಿ,’ ಎಂದು ಮಜ್ಜಿಗೆ ಸುರಿದುಕೊಂಡ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಮುಂಚೆ ಫಲಕದ ಮೇಲಿದ್ದ ಹಸಿರು ಎರಡು ಸಾವಿರದ ಒಂಬೈನೂರ ತೊಂಬತ್ತು. ಗೆಲ್ಲಲು ಮೂರು ಸಾವಿರದ ನೂರ ಐವತ್ತೊಂದು ಬೇಕು. ಅಂದರೆ ಈ ಆಟಕ್ಕೆ ನೂರ ಅರವತ್ತೊಂದು. ದಿನವೂ ಆಟಕ್ಕೆ ನೂರ ಐವತ್ತರ ಸುತ್ತ ಬರುತ್ತಿತ್ತು. ಭಟ್ಟಿಯ ನಲವತ್ತು ಜನ ಅಲ್ಲಾಡದೆ ಕೂತರೆ ಸಾಕು, ಊರಿನ ಯಂತ್ರದ ಮಕ್ಕಳೆಲ್ಲ ಉಳಿಯುತ್ತವೆ. ದಾಕ್ಷಾಯಣಿ ಮನೆದೇವರಿಗೆ ಹರಕೆ ಹೊತ್ತು ಪ್ರೊಜೆಕ್ಟರು ಚಾಲೂ ಮಾಡಿದಳು.

ಕೊಟ್ರೇಶಿ ಎಫ್ ಸಾಲಿನ ನಡುವೆ ಕೂತಿದ್ದ. ಅವನ ಅಕ್ಕಪಕ್ಕ, ಹಿಂದುಮುಂದು ಭಟ್ಟಿಯ ಜನ. ಇಂಟರ್‌ವಲ್ ಹೊತ್ತಿಗೆ ನೂರ ಎಪ್ಪತ್ತು ಹಸಿರು. ಕೊನೆಯ ಹತ್ತು ನಿಮಿಷದಲ್ಲಿ ಅರ್ಧ ಕಳೆದಾಗ ನೂರ ಎಂಬತ್ತನಾಲ್ಕು. ಎದ್ದು ಹೋಗುವವರು ಹೋಗಿ ಆಗಿತ್ತು. ಭಟ್ಟಿಯವರ ನಲವತ್ತೊಂದು ದೀಪವೂ ಹಸಿರಾಗಿಯೇ ಉರಿಯುತ್ತಿತ್ತು. ಉಡುಪ ಅವಳ ಹಿಂದೆ ನಿಂತು, ‘ಆಗುತ್ತೆ ಮೇಡಂ, ಆಗುತ್ತೆ,’ ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದ.

ತೆರೆಯ ಮೇಲೆ ಯಂತ್ರದ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಒಯ್ಯುವವರು ಬಂದಿದ್ದರು. ಹುಡುಗಿ ಕಾಲಿನ ಚಪ್ಪಲಿ ಬಿಚ್ಚಿ, ಜೋಡಿಸಿ ಅಪ್ಪನ ಮುಂದಿಟ್ಟಳು. ‘ಅಪ್ಪಾ, ಇದನ್ನ ಯಾರಿಗಾದ್ರೂ ಕೊಡು. ಇನ್ನೂ ಸವೆದಿಲ್ಲ,’ ಎಂದಳು.

ಅಷ್ಟೇ. ಅಬ್ಬರದ ಸಂಗೀತವಿಲ್ಲ, ಏನಿಲ್ಲ. ದಾಕ್ಷಾಯಣಿ ಇಪ್ಪತ್ತೊಂದನೆಯ ಸಲ ನೋಡುತ್ತಿದ್ದಳು, ಅವಳ ಕಣ್ಣು ಕಿಂಡಿಯ ಮೇಲಿತ್ತು. ಕೊಟ್ರೇಶಿಯ ಕತ್ತು ಬಾಗಿತು. ಕೈ ಎತ್ತಿ ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಕುರ್ಚಿಯ ಕೈ ಎರಡೂ ಗಟ್ಟಿಯಾಗಿ ಹಿಡಿದ. ‘ಕುಂದರ್ರಿ,’ ಎಂದಳು ಅವಳು ಗಾಜಿನ ಈಚೆಯಿಂದ. ಅವನಿಗೆಲ್ಲಿ ಕೇಳಬೇಕು? ಅವನ ಭುಜ ಕುಲುಕತೊಡಗಿತ್ತು. ಇನ್ನೊಂದು ಕ್ಷಣ ಕೂತಿದ್ದರೆ ದನಿ ಹೊರಬೀಳುತ್ತಿತ್ತು. ನಲವತ್ತು ಜನರ ನಡುವೆ ಸಾವ್ಕಾರ ಅತ್ತ ಎಂದಾಗುತ್ತಿತ್ತು. ಕೊಟ್ರೇಶಿ ಟವೆಲ್ಲು ಬಾಯಿಗೆ ಒತ್ತಿಕೊಂಡು ದಡಕ್ಕನೆ ಎದ್ದು ನಡೆದ.

ಎಫ್ ಹದಿನಾಲ್ಕು ಕೆಂಪಾಯಿತು. ಒಂದು ದೀಪ ಹೋದರೆ ಹೋಗಲಿ, ಇನ್ನೂ ಇಪ್ಪತ್ತೆರಡು ಹೆಚ್ಚಿವೆ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಲೆಕ್ಕ ಮುಗಿಯುವ ಮುಂಚೆ ಪಕ್ಕದಲ್ಲಿದ್ದ ಮುದುಕ ಮೌಲಾಸಾಬ್ ಎದ್ದ. ಆತ ಮೂವತ್ತು ವರ್ಷದಿಂದ ಭಟ್ಟಿಯಲ್ಲಿ ಅಕ್ಕಿ ಹುರಿಯುವವನು. ಅವನ ಹಿಂದೆ ಇಬ್ಬರು, ಅವರ ಹಿಂದೆ ಇಡೀ ಸಾಲು. ಭಟ್ಟಿಯಲ್ಲಿ ಸಾವ್ಕಾರ ಎದ್ದರೆ ಯಾರೂ ಕೂತಿರುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಕೈಕಾಲಿಗೇ ಬಂದಿರುವ ರೂಢಿ. ನಲವತ್ತು ಜನವೂ ಎದ್ದರು. ಫಲಕದ ನಡುವೆ ಕೆಂಪು ಮಡುಗಟ್ಟಿತು.

ದಾಕ್ಷಾಯಣಿ ಮೆಟ್ಟಿಲು ಇಳಿದು ಓಡಿದಳು. ಹಿತ್ತಲಲ್ಲಿ ಕೊಟ್ರೇಶಿ ಕಾಂಪೌಂಡಿಗೆ ಹಣೆ ಹಚ್ಚಿ, ಟವೆಲ್ಲು ಕಚ್ಚಿ ಅಳುತ್ತಿದ್ದ. ಅವನ ಜನ ಹತ್ತು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಮರ್ಯಾದೆಯಿಂದ ನಿಂತಿದ್ದರು. ಅವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

‘ನೀವ್ಯಾಕೆ ಎದ್ರಿ ಅಜ್ಜಾ? ಏಳಬ್ಯಾಡ್ರಿ ಅಂದಿದ್ರಲ್ಲ ಅವ್ರು?’ ಎಂದು ಅವಳು ಮೌಲಾಸಾಬನನ್ನು ಕೇಳಿದಳು.

‘ಅಂದಿದ್ರು ತಾಯಿ. ಆದ್ರೆ ಸಾವ್ಕಾರ್ರೇ ಎದ್ದಮ್ಯಾಲೆ ನಾವು ಕುಂತಿದ್ರೆ ಹೆಂಗೆ?’

ಅವಳಿಗೆ ಸಿಟ್ಟು ಬಂತು, ಅಯ್ಯೋ ಅನ್ನಿಸಿತು, ಗಂಡನ ಬೆನ್ನಿಗೆ ಗುದ್ದಬೇಕೆನಿಸಿತು, ಅದೇ ಬೆನ್ನು ಸವರಬೇಕೆನಿಸಿತು. ಎರಡೂ ಮಾಡದೆ ಮೇಲೆ ಹೋದಳು. ಉಡುಪ ಫಲಕದಿಂದ ಮುಖ ತಿರುಗಿಸಿ ಕೂತಿದ್ದ. ಮೂರು ಸಾವಿರದ ನೂರ ಮೂವತ್ತಮೂರು. ಹದಿನೆಂಟು ಕುರ್ಚಿ ಕಡಿಮೆ.

ಮೂರು ದಿನ ಅವಳು ಗಂಡನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವನು ಒಡೆದುಹೋಗುತ್ತಾನೆ ಎಂದು ಭಯ. ಹೇಳದೆ ಇದ್ದುದಕ್ಕೆ ಅವನು ಊರನ್ನು ಶಪಿಸುತ್ತಾ ತಿರುಗಿದ. ‘ಇಷ್ಟು ಜನ ನೋಡ್ಯಾರೆ, ಅರ್ಧ ಜನಕ್ಕೂ ಕರುಳು ಇಲ್ಲ ಅಂದ್ರೆ ಏನು ಹೇಳಾದು? ಕಲ್ಲು, ಬರೀ ಕಲ್ಲು.’ ಇಂಚರಳಿಗೂ ಅದನ್ನೇ ಹೇಳಿದ. ಕಲ್ಲೆದೆಯವರು ಬೇಡ ಅಂದರು ಮಗಳೇ, ನಾವೇನು ಮಾಡೋದು. ಇಂಚರ ಅಪ್ಪನ ಮಡಿಲಲ್ಲಿ ಕೂತು ಆ ಕಲ್ಲೆದೆಯವರ ಮನೆ ಯಾವುದು, ಅವರ ಹೆಸರೇನು ಎಂದು ಕೇಳುತ್ತಿದ್ದಳು.

ಬುಧವಾರ ಬೆಳಿಗ್ಗೆ ಬಂಡಿ ಬಂತು. ಓಣಿಯ ಜನ ಜಗುಲಿಗೆ ಬಂದು ನಿಂತರು. ಬಂಡಿಯಿಂದ ಇಳಿದ ಹುಡುಗಿ ಸಮಿತಿಯ ಕಾಗದ ಹಿಡಿದು, ದಿನಕ್ಕೆ ಐವತ್ತು ಮನೆ ಓದುವವರ ದನಿಯಲ್ಲಿ ಓದಿದಳು. ಮನೆಯವರ ಅಭಿಪ್ರಾಯವನ್ನು ಮನೆಯವರ ಎದುರೇ ಓದಬೇಕೆಂದು ನಿಯಮವಿತ್ತು.

‘ತಾಯಿ, ಸಿಬ್ಬಂದಿ, ಎಣಿಕೆಯಲ್ಲಿಲ್ಲ. ತಂದೆ, ಕೊಟ್ರೇಶಪ್ಪ, ಕುರ್ಚಿ ಎಫ್ ಹದಿನಾಲ್ಕು. ಅಭಿಪ್ರಾಯ, ಬೇಡ. ಇಲ್ಲೊಂದು ಸಹಿ ಮಾಡಿ.’

ಇಂಚರ ತಿರುಗಿ ಅಪ್ಪನನ್ನು ನೋಡಿದಳು. ಕೊಟ್ರೇಶಿ ಹೆಂಡತಿಯನ್ನು ನೋಡಿದ.

‘ಕೊನೀಗೆ ಎದ್ದೋರನ್ನೆಲ್ಲ ಬ್ಯಾಡ ಅಂತ ಬರಕೊಂತೈತಿ ಅದು,’ ಎಂದಳು ದಾಕ್ಷಾಯಣಿ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

‘ನನ್ನ ಹಿಂದೆ ಎದ್ದೋರನ್ನೂ?’

‘ಅವರನ್ನೂ.’

‘ಎಷ್ಟು ಕಮ್ಮಿ ಬಿತ್ತು?’

‘ಹದಿನೆಂಟು.’

ಕೊಟ್ರೇಶಿ ಮೆಟ್ಟಿಲ ಮೇಲೆ ಕುಸಿದ. ಮಗಳ ಎರಡೂ ಕೈ ಹಿಡಿದುಕೊಂಡ. ಓಣಿಗೆ ಓಣಿಯೇ ನೋಡುತ್ತಿತ್ತು, ಅವನಿಗೆ ಅದು ಈಗ ಲಕ್ಷ್ಯಕ್ಕೇ ಬರಲಿಲ್ಲ. ‘ನಾ ಬ್ಯಾಡ ಅಂದಿಲ್ಲವ್ವ. ನನಗೆ ಅಳು ತಡಕಳ್ಳಾಕೆ ಆಗ್ಲಿಲ್ಲ. ಅಳಾಕೆ ಎದ್ದು ಹೋಗಿದ್ದೆ. ಚಿಗಳೀನ ನೆನಸ್ಕೊಂಡು ಅತ್ತೆ.’

‘ಸುಳ್ಳು,’ ಎಂದಳು ಇಂಚರ. ‘ನೀ ಅಳಾದಿಲ್ಲ. ತಾತ ಸತ್ತಾಗ್ಲೂ ಅಳ್ಲಿಲ್ಲ. ಒಂದಿನಾನೂ ಅತ್ತಿಲ್ಲ.’

ಆ ಹೊತ್ತಿನಲ್ಲಿ ಒಂದು ಹನಿ ಬಿದ್ದಿದ್ದರೂ ಅವಳು ನಂಬುತ್ತಿದ್ದಳೇನೋ. ಹಾಳಾದ್ದು, ಬರಲಿಲ್ಲ. ಕೊಟ್ರೇಶಿಯ ಮುಖ ಬೂದಿ ಬಡಿದಂತಿತ್ತು, ಕಣ್ಣು ಒಣಗಿತ್ತು.

ಇಂಚರ ಕೈ ಬಿಡಿಸಿಕೊಂಡು ಚಿಗಳಿಯ ಕಡೆ ತಿರುಗಿದಳು. ಲೋಕದಲ್ಲಿ ಅವಳು ನಂಬುತ್ತಿದ್ದುದು ಅವಳೊಬ್ಬಳನ್ನೇ. ‘ಅಪ್ಪ ಅತ್ತಿದ್ದು ನೀ ಯಾವಾಗಾದ್ರೂ ನೋಡೀಯಾ?’

ಚಿಗಳಿ ನಾಲ್ಕು ವರ್ಷದ್ದನ್ನೆಲ್ಲ ನೆನಪು ಮಾಡಿಕೊಂಡಳು. ಅವಳಿಗೆ ಅದಕ್ಕೆ ಒಂದು ಗಳಿಗೆ ಸಾಕು.

‘ಇಲ್ಲ,’ ಎಂದಳು. ‘ನಾನು ನೋಡಿಲ್ಲ.’

ಬಂಡಿಯ ಹುಡುಗಿ ಚಿಗಳಿಯ ಕೈ ಹಿಡಿದು ಕರೆದುಕೊಂಡು ಹೋದಳು. ಇಂಚರ ಬಾಗಿಲ ಚೌಕಟ್ಟು ಹಿಡಿದು ಬಂಡಿ ತಿರುವು ದಾಟುವ ತನಕ ನೋಡಿದಳು, ಆಮೇಲೆ ಒಳಗೆ ಹೋದಳು. ಅಂದು ಅವಳು ಮಾತಾಡಲಿಲ್ಲ. ಹನ್ನೆರಡು ದಿನವಾಯಿತು, ಹನ್ನೆರಡು ತಿಂಗಳೂ ಆಯಿತು, ಮಾತಾಡಲಿಲ್ಲ.